ಮೂರು ವರ್ಷದ ಮಗುವಿಗೆ ಕಲಿಸುವವರು ಎಲ್ಲಿ ಕಲಿಯಬೇಕು?



ಪಿಯುಸಿ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾನು ಓದಿದ್ದೂ ಪಿಯುಸಿಯೇ, ಆಮೇಲೆ ಕೈಗೆ ಹತ್ತಿದ್ದು ಪ್ರೆಸ್ಸಿನ ಶಾಯಿ. ಹಾಗಾಗಿ ಬುದ್ಧಿ ಹೇಳಲು ಬಂದಿಲ್ಲ. ನೀವು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಉದ್ಯೋಗದ ಬಗ್ಗೆ ಮಾತಾಡಲು ಬಂದಿದ್ದೇನೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವ ಉದ್ಯೋಗ.

ನಗಬೇಡಿ. ‘ಅದಕ್ಕೇನು ಓದಬೇಕು, ಮೂಗು ಒರೆಸಿ ಹಾಡು ಹೇಳಿದರಾಯಿತು’ ಅನ್ನುವವರೇ ಹೆಚ್ಚು. ನಮ್ಮ ಕಾನೂನೂ ಅರ್ಧ ಹಾಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಕ್ಕು ಕೊಟ್ಟಿದ್ದು ಆರು ವರ್ಷದಿಂದ. ಅದಕ್ಕಿಂತ ಚಿಕ್ಕವರಿಗೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಅಂತ ಬರೆದು ಕೈತೊಳೆದುಕೊಂಡರು. ಆ ‘ಬಹುದು’ ಎಂಬ ಸಂದಿಯಲ್ಲೇ ಬೀದಿಬೀದಿಯ ಅಂಗಡಿಗಳು ಹುಟ್ಟಿದವು.

ಒಂದು ಸಲ ನರ್ಸರಿ ಟೀಚರ್ ತರಬೇತಿಯ ಸಂಸ್ಥೆಯೊಂದು ನನ್ನ ಪ್ರೆಸ್ಸಿಗೆ ಕೆಲಸ ಕೊಟ್ಟಿತು. ಕರಪತ್ರ, ಸರ್ಟಿಫಿಕೇಟು ಎರಡೂ ಒಂದೇ ಆರ್ಡರಿನಲ್ಲಿ! ಇನ್ನೂ ಒಬ್ಬ ಹುಡುಗಿ ಸೇರಿಲ್ಲ, ಪಾಸಾದ ಕಾಗದ ರೆಡಿ. ಚಿನ್ನದ ಬಣ್ಣದ ಅಂಚು, ದಪ್ಪ ಇಂಗ್ಲಿಷ್ ಅಕ್ಷರ, ಆರು ತಿಂಗಳ ಕೋರ್ಸು. ಮಾನ್ಯತೆಯ ಸಂಖ್ಯೆ ಎಲ್ಲಿ ಹಾಕಲಿ ಅಂತ ಕೇಳಿದೆ. ‘ಅದೆಲ್ಲ ಬೇಡ, ಲೋಗೋ ದೊಡ್ಡದು ಮಾಡಿ’ ಅಂದರು.

ನಿಜವಾದ ಕೋರ್ಸು ಇಲ್ಲವೇ? ಇದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಲ್ಲಿ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ ಇದೆ. ಎರಡು ವರ್ಷ. ಪಿಯುಸಿಯಲ್ಲಿ ಶೇಕಡಾ 50 ಅಂಕ ಇದ್ದವರು ಸೇರಬಹುದು. ಮಗುವಿನ ಬೆಳವಣಿಗೆ, ಆಟ, ಕಥೆ, ಆರೋಗ್ಯ ಓದಬೇಕು. ಮಕ್ಕಳ ನಡುವೆ ಕೂತು ಕೆಲಸ ಕಲಿಯಬೇಕು. ಆರು ತಿಂಗಳ ಅಂಗಡಿಗೂ ಇದಕ್ಕೂ ಎಲ್ಲಿಯ ಹೋಲಿಕೆ?

ಈಗ ಭಾಷೆಯ ಮಾತು. ಇಂಗ್ಲಿಷ್ ಕಾನ್ವೆಂಟಿನ ಬೋರ್ಡಿನ ಮೇಲೆಲ್ಲ ಮಾಂಟೆಸ್ಸರಿ ಅಂತ ಇರುತ್ತದಲ್ಲ, ಆ ತಾಯಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಯಾವ ಭಾಷೆಯಲ್ಲಿ ಗೊತ್ತೇ? ತಮ್ಮ ಇಟಾಲಿಯನ್‌ನಲ್ಲಿ! ಮಗ ಮಾರಿಯೋ ಇಂಗ್ಲಿಷಿಗೆ ಅನುವಾದಿಸುತ್ತಿದ್ದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದರು. ಮಕ್ಕಳಿಗೆ ಕಥೆ ಬರೆದದ್ದು ಗುಜರಾತಿಯಲ್ಲೇ, ಶಿಕ್ಷಕರನ್ನು ತಯಾರು ಮಾಡಿದ್ದೂ ಅಲ್ಲೇ.

ನಮ್ಮಲ್ಲಿ ಆಗಲಿಲ್ಲವೇ? ಆಯಿತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿ ಬಂದು ‘ನಲಿ ಕಲಿ’ ಕಟ್ಟಿದರು. ಅದು ಒಂದನೇ ತರಗತಿಯಿಂದ ಶುರುವಾಗುವ ಪದ್ಧತಿ, ಆದರೂ ನಮಗೆ ಅದರಲ್ಲಿ ಪಾಠವಿದೆ. ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಲ್ಲ, ರ ಗ ಸ ದ ಅ ಕ್ರಮದಲ್ಲಿ. ಯಾಕೆ? ಕನ್ನಡದ ಅಕ್ಷರ ದುಂಡು. ತಿದ್ದಲು ಸುಲಭವಾದದ್ದು ಮೊದಲು, ಆ ಐದರಲ್ಲೇ ಅರಸ, ದರ, ಗರಗಸ ಅಂತ ಪದ ಕಟ್ಟಬಹುದು. ದಿನವಿಡೀ ಅಕ್ಷರದ ಜೊತೆ ಬದುಕುವ ನನಗೇ ಇದು ಹೊಳೆದಿರಲಿಲ್ಲ. ಇಂಗ್ಲಿಷ್ ಕೈಪಿಡಿ ಬಾಯಿಪಾಠ ಮಾಡಿ ಬಂದವರಿಗೆ ಇದು ಹೊಳೆಯುವುದು ಹೇಗೆ? ಅಳಗುಳಿಮಣೆಯ ಹುಣಸೆಬೀಜದಲ್ಲಿ ಎಣಿಕೆ ಇದೆ ಅಂತ ಅವರಿಗೆ ಹೇಳುವವರು ಯಾರು? ಮನೆಯಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ನೂರು ಪ್ರಶ್ನೆ ಕೇಳುವ ಮಗು, ನರ್ಸರಿಯಲ್ಲಿ ಮಾತು ಬಾರದೆ ಮೂಲೆಯಲ್ಲಿ ಕೂರುತ್ತದೆ. ಅದನ್ನು ‘ಶಿಸ್ತು’ ಅಂತ ಕರೆದು ಫೀಸು ಕಟ್ಟುತ್ತೇವೆ.

2014ರ ಮೇ 6ರಂದು ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ನಾವು ಅತ್ತೆವು, ಕೂಗಿದೆವು. ಸರಿ. ಆದರೆ ಕನ್ನಡದಲ್ಲಿ ಒಳ್ಳೆಯ ಶಿಕ್ಷಕರನ್ನು ತಯಾರು ಮಾಡಬೇಡಿ ಅಂತ ಯಾವ ಕೋರ್ಟೂ ಹೇಳಿಲ್ಲವಲ್ಲ!

ಸಂಬಳದ ವಿಷಯ ಮುಚ್ಚಿಡುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಅಂಗನವಾಡಿ ಯೋಜನೆಯ ಮೊದಲ ತಾಲೂಕುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಇಷ್ಟು ವರ್ಷವಾದರೂ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿ ಕೊಡಬೇಕು ಎನ್ನಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ತರಬೇತಿ ಪಡೆದ ಕೆಲಸಗಾರರು ಎಂದು ಒಪ್ಪಿದರೆ ಸಂಬಳ ಕೊಡಬೇಕಾಗುತ್ತದೆ ಎಂಬ ಭಯ ಸರ್ಕಾರಕ್ಕಿದೆ, ಇದು ನನ್ನ ಅನುಮಾನ.

ಆದ್ದರಿಂದ ಎರಡು ಕೆಲಸ. ಸೇರುವ ಮೊದಲು ಮಾನ್ಯತೆಯ ಆದೇಶದ ಪ್ರತಿ ಕೇಳಿ, ಪಾಠ ಯಾವ ಭಾಷೆಯಲ್ಲಿ, ಯಾವ ಮಕ್ಕಳ ಜೊತೆ ಅಭ್ಯಾಸ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಇನ್ನೊಂದು, ಜಿಲ್ಲೆಗಳ ಡಯಟ್‌ಗಳಲ್ಲಿ ಈ ಎರಡು ವರ್ಷದ ಡಿಪ್ಲೊಮಾವನ್ನು ಕನ್ನಡದಲ್ಲೇ ನಡೆಸಿ ಅಂತ ಮನವಿ ಕೊಡೋಣ. ಮನವಿ, ಕರಪತ್ರ ನಾನು ಅಚ್ಚು ಹಾಕಿಕೊಡುತ್ತೇನೆ. ಕಾಗದ ನೀವು ತನ್ನಿ, ಮಜೂರಿ ಬೇಡ.