ಸೆಟೆದ ಬೆರಳಿಗೆ ಸೊನ್ನೆ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಬೆರಳಿಗೆ ಬೆಲೆ ಕಟ್ಟುವ ಪಟ್ಟಿ ದುಡಿಯುವ ಜನಕ್ಕೆ ಹೊಸದಲ್ಲ. ನಮ್ಮ ೧೯೨೩ರ ಕಾರ್ಮಿಕ ಪರಿಹಾರ ಕಾಯಿದೆಯಲ್ಲಿ, ಯಂತ್ರಕ್ಕೆ ಸಿಕ್ಕಿ ತೋರುಬೆರಳು ಪೂರ್ತಿ ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ ೧೪ ನಷ್ಟ, ಉಂಗುರಬೆರಳೋ ಕಿರುಬೆರಳೋ ಹೋದರೆ ೭ ನಷ್ಟ ಎಂದು ಬರೆದಿತ್ತು. ಆದರೆ ಬೆರಳು ಹೋಗಿಲ್ಲ, ಕೈಯಲ್ಲೇ ಇದೆ, ಮಡಚಲು ಮಾತ್ರ ಬರುವುದಿಲ್ಲ ಎಂದಾದರೆ? ಈ ಪ್ರಶ್ನೆಗೆ ಅಮೇರಿಕ ತನ್ನ ಮಾಜಿ ಸೈನಿಕರ ವಿಷಯದಲ್ಲಿ ಅಂಗುಲ ಅಂಗುಲವಾಗಿ ಉತ್ತರ ಬರೆದಿಟ್ಟಿದೆ. ಅದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಗುಂಡೇಟು, ಮೂಳೆಮುರಿತ, ಸುಟ್ಟಗಾಯ, ಸಂಧಿವಾತ, ಕಾರಣ ಯಾವುದೇ ಇರಲಿ, ಸೇವೆಯಿಂದ ಬಂದ ಊನವೆಂದು ರುಜುವಾತಾದ ಮೇಲೆ ಅಲ್ಲಿಯ ಮಾಜಿ ಸೈನಿಕರ ಇಲಾಖೆ ಅದನ್ನು ಸೊನ್ನೆಯಿಂದ ನೂರರವರೆಗೆ ಹತ್ತು ಹತ್ತರ ಮೆಟ್ಟಿಲಿನಲ್ಲಿ ಅಳೆಯುತ್ತದೆ. ಹತ್ತು ಬಂದರೆ ತಿಂಗಳಿಗಿಷ್ಟು ಹಣ. ಸೊನ್ನೆ ಬಂದರೆ ಊನ ನಿಜವೆಂಬ ಒಪ್ಪಿಗೆ ಉಂಟು, ತಿಂಗಳ ಹಣವಿಲ್ಲ.

ಐದೂ ಬೆರಳು ಪ್ರತಿಕೂಲ ಭಂಗಿಯಲ್ಲಿ ಸೆಟೆದುಹೋದರೆ ರೂಢಿಯ ಕೈಗೆ ೬೦, ಇನ್ನೊಂದು ಕೈಗೆ ೫೦. ಹೆಬ್ಬೆರಳು ಒಂದೇ ಆದರೆ ಭಂಗಿ ನೋಡಿ ೨೦ ಅಥವಾ ೧೦. ತೋರುಬೆರಳಿಗೆ ೧೦, ನಡುಬೆರಳಿಗೆ ೧೦. ಉಂಗುರಬೆರಳಿಗೆ? ಸೊನ್ನೆ. ಕಿರುಬೆರಳಿಗೆ? ಸೊನ್ನೆ. ಭಂಗಿ ಅನುಕೂಲವಾದರೂ ಅಷ್ಟೆ, ಪ್ರತಿಕೂಲವಾದರೂ ಅಷ್ಟೆ.

ಭಂಗಿಯನ್ನು ಅಳೆಯುವುದು ಹೇಗೆಂದರೆ, ಬೆರಳನ್ನು ಆದಷ್ಟು ಮಡಚಿಸಿ, ಅದರ ತುದಿಗೂ ಅಂಗೈಯ ಅಡ್ಡಗೆರೆಗೂ ನಡುವೆ ಅಳತೆಪಟ್ಟಿ ಹಿಡಿಯುತ್ತಾರೆ. ಒಂದು ಕೀಲು ಮಾತ್ರ ಸೆಟೆದಿದ್ದು ಅಂತರ ಎರಡು ಅಂಗುಲದೊಳಗಿದ್ದರೆ ಅನುಕೂಲ, ಮೀರಿದರೆ ಪ್ರತಿಕೂಲ. ಬುಡದ ಕೀಲು, ನಡುವಿನ ಕೀಲು ಎರಡೂ ಸೆಟೆದಿದ್ದರೆ ಅಳೆಯುವ ಮೊದಲೇ ಪ್ರತಿಕೂಲ. ಪೂರ್ತಿ ಸೆಟೆಯದೆ ಚಲನೆ ಮಾತ್ರ ಕುಗ್ಗಿದ ತೋರುಬೆರಳು, ನಡುಬೆರಳುಗಳಿಗೆ ಗಡಿ ಒಂದೇ ಅಂಗುಲ: ಅಷ್ಟು ಅಂತರವಿದ್ದರೆ ೧೦, ಕೂದಲೆಳೆಯಷ್ಟು ಕಡಮೆಯಾದರೆ ಸೊನ್ನೆ.

ನೋವಿನ ಮಾತೇನು ಎಂದು ಕೇಳುವಿರಿ. ಕೀಲು ಆಡಿಸಿದಾಗ ನೋವಿದ್ದರೆ ಕನಿಷ್ಠ ಮೆಟ್ಟಿಲನ್ನಾದರೂ ಕೊಡಬೇಕೆಂಬ ನಿಯಮ ಉಂಟು. ಉಂಗುರಬೆರಳು ಕೆಟ್ಟ ಒಬ್ಬ ಮಾಜಿ ಸೈನಿಕ ಇದನ್ನೇ ಹಿಡಿದು ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯಕ್ಕೆ ಹೋದ. ಆ ಬೆರಳಿನ ಪಟ್ಟಿಯಲ್ಲಿ ಹಣ ಕೊಡುವ ಮೆಟ್ಟಿಲೇ ಇಲ್ಲ, ಇಲ್ಲದ್ದನ್ನು ಕೊಡಲಾಗದು ಎಂದು ೨೦೧೬ರಲ್ಲಿ ತೀರ್ಪಾಯಿತು. ಕಾಯಿದೆಯ ಅಕ್ಷರಕ್ಕೆ ಸರಿ. ಕೈಯ ಮಟ್ಟಿಗೆ ಸರಿಯೆ?

ಈಗಲೇ ಒಂದು ಪರೀಕ್ಷೆ ಮಾಡಿ. ಎಡಗೈಯಿಂದ ನಿಮ್ಮ ಬಲಗೈಯ ಉಂಗುರಬೆರಳನ್ನು ನೆಟ್ಟಗೆ ಹಿಡಿದುಕೊಂಡು ಉಳಿದ ಬೆರಳುಗಳಿಂದ ಮುಷ್ಟಿ ಕಟ್ಟಿ. (ಸಭೆಯಲ್ಲಿ ನಗು.) ಆಗುವುದಿಲ್ಲ, ಅಲ್ಲವೆ? ನಡುಬೆರಳು, ಉಂಗುರಬೆರಳು, ಕಿರುಬೆರಳುಗಳ ತುದಿ ಮಡಚುವ ಎಳೆಗಳು ಮುಂದೋಳಿನ ಒಂದೇ ಮಾಂಸಖಂಡದಲ್ಲಿ ಕೂಡಿಕೊಂಡಿವೆ. ಒಂದು ನಿಂತರೆ ನೆರೆಯವೂ ನಿಲ್ಲುತ್ತವೆ. ಸುತ್ತಿಗೆ, ಹಾರೆ, ಗುದ್ದಲಿಗಳ ಹಿಡಿತದಲ್ಲಿ ದೊಡ್ಡ ಪಾಲು ಈ ಸೊನ್ನೆಯ ಬೆರಳುಗಳದೇ. ಬರೆಯುವವನಿಗೆ ಅವು ಅಷ್ಟಾಗಿ ಬೇಕಿಲ್ಲ. ಪಟ್ಟಿ ಬರೆದವರು ಯಾವ ಕೈಯಿಂದ ಬರೆದರೆಂಬುದು ಇಲ್ಲಿ ಕಾಣುತ್ತದೆ!

ಇನ್ನೂ ಒಂದು ವಿಚಿತ್ರವಿದೆ. ಅದೇ ಉಂಗುರಬೆರಳು ನಡುಗೀಲಿನಿಂದ ಕತ್ತರಿಸಿಹೋಗಿದ್ದರೆ ೧೦. ಅಂಗೈಯೊಳಗಿನ ಮೂಳೆಯೂ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ೨೦. ಸೆಟೆದು ಅಡ್ಡ ಬರುವ ಬೆರಳಿಗಿಂತ ಇಲ್ಲದ ಬೆರಳಿಗೇ ಬೆಲೆ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಎರಡು ಕೀಲುಗಳೂ ಸೆಟೆದು, ಅವುಗಳಲ್ಲೊಂದು ನೆಟ್ಟಗೆ ಚಾಚಿಯೋ ಪೂರ್ತಿ ಮಡಚಿಯೋ ನಿಂತಿದ್ದರೆ, ಬೆರಳು ಕಡಿದುಹೋದಂತೆಯೇ ಎಣಿಸಬೇಕೆಂದು ನಿಯಮದಲ್ಲಿದೆ. ಸೆಟೆದ ಬೆರಳು ನೆರೆಯ ಬೆರಳುಗಳನ್ನು ತಡೆಯುತ್ತದೆಯೆ, ಇಡೀ ಕೈಯ ಕೆಲಸಕ್ಕೆ ಅಡ್ಡಿಯೆ ಎಂಬುದನ್ನೂ ನೋಡಬೇಕೆಂದಿದೆ. ಬೇರಾವ ಊನಕ್ಕೂ ಹಣ ಬರದವನಲ್ಲಿ ಸೊನ್ನೆಯ ಊನಗಳು ಎರಡೋ ಮೂರೋ ಸೇರಿ ಉದ್ಯೋಗವನ್ನು ಸ್ಪಷ್ಟವಾಗಿ ಕೆಡಿಸಿದರೆ ೧೦ ಕೊಡಬಹುದು. ಬಾಗಿಲುಗಳಿವೆ. ತಟ್ಟಬೇಕಾದವನು ಕೈ ಕೆಟ್ಟವನು.

ಇದರ ಬೇರು "ಸರಾಸರಿ" ಎಂಬ ಒಂದು ಮಾತಿನಲ್ಲಿದೆ. ಊನದಿಂದ ಗಳಿಕೆಯ ಶಕ್ತಿ ಸರಾಸರಿ ಎಷ್ಟು ಕುಗ್ಗುವುದೆಂಬುದೇ ಈ ಅಂಕಿಗಳ ಆಧಾರವೆಂದು ೧೯೧೭ರಲ್ಲೇ ಕಾಯಿದೆ ಹೇಳಿತು. ೧೯೨೪ರ ಕಾಯಿದೆ ಅದನ್ನು ಬದಲಾಯಿಸಿ, ಸೈನ್ಯ ಸೇರುವ ಮೊದಲು ಅವನು ಮಾಡುತ್ತಿದ್ದ ಕಸಬನ್ನು ಲೆಕ್ಕಕ್ಕೆ ತಂದಿತು. ೧೯೩೩ರಲ್ಲಿ, ಆರ್ಥಿಕ ಮುಗ್ಗಟ್ಟಿನ ಮಿತವ್ಯಯದ ಕಾಲದಲ್ಲಿ, ಮತ್ತೆ ಸರಾಸರಿಗೇ ಬಂದರು. ೧೯೪೫ರ ಪಟ್ಟಿ ಅದನ್ನೇ ಹಿಡಿಯಿತು. ಬೆರಳಿನ ನಿಯಮಗಳನ್ನು ೨೦೦೨ರಲ್ಲಿ ಹೊಸದಾಗಿ ಬರೆದಾಗಲೂ ಸರಾಸರಿ ಉಳಿಯಿತು. ಸರಾಸರಿಯಿಂದ ಒಂದು ಉಪಕಾರವೂ ಉಂಟು, ಒಪ್ಪುತ್ತೇವೆ: ಊನವಿದ್ದೂ ಹಟ ಹಿಡಿದು ದುಡಿದು ನಾಲ್ಕು ಕಾಸು ಹೆಚ್ಚು ಸಂಪಾದಿಸಿದವನ ಹಣಕ್ಕೆ ಕತ್ತರಿ ಬೀಳುವುದಿಲ್ಲ. ಆದರೆ ಗಾರೆ ಕೆಲಸದವನ ಕಿರುಬೆರಳನ್ನೂ ಗುಮಾಸ್ತನ ಕಿರುಬೆರಳನ್ನೂ ಒಂದೇ ತಕ್ಕಡಿಗೆ ಹಾಕಿದರೆ ತೂಕ ಯಾರ ಕಡೆ ತಪ್ಪುವುದೆಂದು ನಿಮಗೆ ಹೇಳಬೇಕಿಲ್ಲ.

ವಾಷಿಂಗ್ಟನ್ನಿಗೆ ನಾವು ಇಲ್ಲಿಂದ ಠರಾವು ಕಳಿಸುವುದಿಲ್ಲ. ಆದರೆ ಕಸಬನ್ನು ನೋಡಿ ಅಳೆಯುವುದು ಆಗದ ಮಾತು ಎಂದು ಯಾರಾದರೂ ಹೇಳಿದರೆ, ನಮ್ಮ ಸುಪ್ರೀಂ ಕೋರ್ಟಿನ ೧೯೭೫ರ ಡಿಸೆಂಬರಿನ ತೀರ್ಪನ್ನು ತೋರಿಸಿ. ಅದೇ ೧೯೨೩ರ ಕಾಯಿದೆಯ ಕೆಳಗೆ ಬಂದ ಮೊಕದ್ದಮೆ. ಕೆಲಸದಲ್ಲಿ ಬಿದ್ದು, ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಿಕೊಳ್ಳಬೇಕಾಗಿ ಬಂದ ಒಬ್ಬ ಬಡಗಿ. ಇದು ಭಾಗಶಃ ಊನವೆಂದು ಧಣಿ ವಾದಿಸಿದ. ಒಂದೇ ಕೈಯಿಂದ ಬಡಗಿ ಕೆಲಸ ಸಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂಬ ನಿರ್ಣಯವನ್ನೇ ನ್ಯಾಯಾಲಯ ಎತ್ತಿಹಿಡಿಯಿತು.