ಸ್ವಸಹಾಯ ಸಂಘಗಳ ಉತ್ಪನ್ನಗಳಿಗೆ ಸಾಮಾಜಿಕ ಮಾಧ್ಯಮ ಪ್ರಚಾರ: ಯೋಜನೆ ಮತ್ತು ನಿರ್ವಹಣೆ

(ಕೆಂಗೇರಿ ಹೋಬಳಿಯ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ರಾಜಾಜಿನಗರದ ಮೈಸೂರು ಸ್ಯಾಂಡಲ್ ಸಾಬೂನು ಕಾರ್ಖಾನೆಯ ಕಂಪು ಪಶ್ಚಿಮ ಬೆಂಗಳೂರಿಗೆ ಚಿರಪರಿಚಿತ. ಮೊದಲ ಮಹಾಯುದ್ಧದಿಂದಾಗಿ ಶ್ರೀಗಂಧವನ್ನು ಯುರೋಪಿಗೆ ಕಳುಹಿಸುವುದು ದುಸ್ತರವಾದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಆ ಎಣ್ಣೆಯಿಂದ ಬೆಂಗಳೂರಿನಲ್ಲಿ ಸಾಬೂನು ತಯಾರಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರು ಅದಕ್ಕೆ ಅಂಡಾಕಾರವನ್ನೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಯನ್ನೂ, ಶರಭದ ಲಾಂಛನವನ್ನೂ ನೀಡಿದರು. ಬೆಂಕಿಪೊಟ್ಟಣಗಳ ಮೇಲೂ ಟ್ರಾಮ್ ಚೀಟಿಗಳ ಮೇಲೂ ಅದರ ಚಿತ್ರ ಮುದ್ರಿತವಾಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು. 2006ರಲ್ಲಿ ಈ ಸಾಬೂನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಇದರಿಂದ ತಿಳಿಯುವ ತತ್ತ್ವ ಸರಳವಾದುದು. ಮೊದಲು ಗುಣವುಳ್ಳ ಪದಾರ್ಥ, ಅನಂತರ ಅದನ್ನು ಗುರುತಿಸುವ ಚಿಹ್ನೆ, ಕೊನೆಗೆ ಜನರ ಕಣ್ಣು ಎಲ್ಲಿರುವುದೋ ಅಲ್ಲಿ ಪ್ರಚಾರ. ಅಂದು ಕಣ್ಣು ಬೆಂಕಿಪೊಟ್ಟಣದ ಮೇಲಿತ್ತು. ಇಂದು ಮೊಬೈಲ್ ಪರದೆಯ ಮೇಲಿದೆ. ಆದರೆ ಅಂದಿನ ಸಾಬೂನಿನ ಹಿಂದೆ ಸಂಸ್ಥಾನದ ಬೊಕ್ಕಸವಿತ್ತು. ಸಂಘದ ಹಿಂದಿರುವುದು ಸದಸ್ಯೆಯರ ಉಳಿತಾಯ ಮತ್ತು ಬ್ಯಾಂಕಿನ ಸಾಲ ಮಾತ್ರ. ಆದ್ದರಿಂದ ಯೋಜನೆಯಿಲ್ಲದ ಪ್ರಚಾರ ಸಂಘಕ್ಕೆ ಸಲ್ಲದು.

ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸಲು ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಈಗ ಬಿಡುವಿಲ್ಲ. ಅವರೇ ಸಂಘದ ಗ್ರಾಹಕರು. ಹಬ್ಬದ ಹಿಂದಿನ ದಿನ ಚಿತ್ರ ಹಾಕಿದರೆ ಯಾರೂ ಕೊಳ್ಳಲಾರರು. ಡಿಸೆಂಬರ್ ಎರಡನೆಯ ವಾರದಲ್ಲಿ ತೂಕ, ದರ ಮತ್ತು ತಲುಪಿಸುವ ಬಡಾವಣೆಗಳನ್ನು ಪ್ರಕಟಿಸಬೇಕು. ಜನವರಿ ಮೊದಲ ವಾರದ ಅಂತ್ಯಕ್ಕೆ ಬೇಡಿಕೆ ಸ್ವೀಕಾರವನ್ನು ನಿಲ್ಲಿಸಬೇಕು. ಬಂದ ಬೇಡಿಕೆಯನ್ನು ಎಣಿಸಿ ಕೊಬ್ಬರಿ ಖರೀದಿಸಬೇಕು. ಅಂದಾಜಿನ ಮೇಲೆ ಕೊಂಡ ಕೊಬ್ಬರಿ ಉಳಿದು ಕಮಟು ಹಿಡಿದರೂ ಸಾಲದ ಕಂತು ಕಾಯುವುದಿಲ್ಲ.

ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತವಾಗಿ ಲಭ್ಯವಿದೆ. ಅದರ ಕ್ಯಾಟಲಾಗ್‌ನಲ್ಲಿ ಪದಾರ್ಥದ ಚಿತ್ರವನ್ನೂ ಬೆಲೆಯನ್ನೂ ಇಡಬಹುದು. ಆದರೆ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶವು ಸಂಘದ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದುದರಿಂದ ಪ್ರತಿ ಪೊಟ್ಟಣದ ಮೇಲೆ ಆ ಸಂಖ್ಯೆಯನ್ನು ಮುದ್ರಿಸಿ, ಉಳಿಸಿಕೊಳ್ಳುವಂತೆ ಕೋರುವುದು ಉಚಿತ.

ಹಣ ತೆತ್ತು ಜಾಹೀರಾತು ನೀಡುವ ಮುನ್ನ ಲೆಕ್ಕ ಅಗತ್ಯ. ಒಂದು ಪೊಟ್ಟಣ ಸಾಂಬಾರ್ ಪುಡಿಯಲ್ಲಿ ಎಲ್ಲ ವೆಚ್ಚ ಕಳೆದು 30 ರೂಪಾಯಿ ಉಳಿಯುವುದೆಂದು ಭಾವಿಸೋಣ. 900 ರೂಪಾಯಿಯ ಜಾಹೀರಾತಿನಿಂದ ಹೆಚ್ಚುವರಿಯಾಗಿ 30 ಪೊಟ್ಟಣ ಮಾರಾಟವಾದರೆ ಹಾಕಿದ ಹಣವಷ್ಟೇ ಹಿಂದಿರುಗುತ್ತದೆ. ಲಾಭ ಆರಂಭವಾಗುವುದು 31ನೆಯ ಪೊಟ್ಟಣದಿಂದ. ಎಷ್ಟು ಮಂದಿ ಮೆಚ್ಚಿದರೆಂಬುದು ಲೆಕ್ಕವಲ್ಲ. ಎಷ್ಟು ಮಂದಿ ಕೊಂಡರು, ಅವರಲ್ಲಿ ಎಷ್ಟು ಮಂದಿ ಮರಳಿ ಬಂದರು ಎಂಬುದೇ ಲೆಕ್ಕ.

ಖಾತೆಯ ಒಡೆತನ ಅತ್ಯಂತ ಗಂಭೀರವಾದ ವಿಷಯ. ಪುಟವು ಒಬ್ಬ ಸದಸ್ಯೆಯ ಮಗನ ಮೊಬೈಲಿನಲ್ಲಿದ್ದು, ನಾಳೆ ಆ ಕುಟುಂಬ ಊರು ಬಿಟ್ಟರೆ, ವರ್ಷಗಳ ಗ್ರಾಹಕರೂ ಅದರೊಡನೆ ಹೋಗುತ್ತಾರೆ. ಸಿಮ್ ಸಂಘದ್ದಾಗಿರಬೇಕು, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಬೇಕು, ಹಣವು ಸಂಘದ ಬ್ಯಾಂಕ್ ಖಾತೆಗೇ ಬರಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಕೇಳಿದವನು ವಂಚಕನೆಂದೇ ತಿಳಿಯಬೇಕು. ವಂಚನೆ ನಡೆದರೆ ಒಡನೆಯೇ 1930ಕ್ಕೆ ಕರೆ ಮಾಡಬೇಕು.

ಸತ್ಯವೂ ಪ್ರಚಾರದ ಒಂದು ಅಂಗ. ರಾಗಿ ಹುರಿಹಿಟ್ಟು ಸಕ್ಕರೆ ಕಾಯಿಲೆಯನ್ನು ಗುಣಪಡಿಸುವುದೆಂದು ಬರೆಯುವುದು ತಪ್ಪು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಆಹಾರ ಪದಾರ್ಥದ ಪೊಟ್ಟಣದ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕು. ಗ್ರಾಹಕರು ದೂರಿದರೆ ಅದನ್ನು ಅಳಿಸದೆ, ಅಂದೇ ಸೌಜನ್ಯದಿಂದ ಉತ್ತರಿಸಿ, ಕೆಟ್ಟ ಪದಾರ್ಥಕ್ಕೆ ಬದಲಿ ನೀಡಬೇಕು. ಆ ಉತ್ತರವನ್ನು ಉಳಿದ ಗ್ರಾಹಕರೂ ಓದುತ್ತಾರೆ.

ಪ್ರತಿ ಸಂಘವೂ ಮುಂದಿನ ವಾರದ ಸಭೆಯಲ್ಲಿ ನಾಲ್ಕು ವಿಷಯಗಳನ್ನು ನಿರ್ಧರಿಸಿ ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ: ಮೊದಲು ಪ್ರಚಾರ ಮಾಡುವ ಒಂದು ಪದಾರ್ಥ, ಅದನ್ನು ತಲುಪಿಸುವ ಬಡಾವಣೆಗಳು, ತಿಂಗಳ ವೆಚ್ಚದ ಮಿತಿ, ಹಾಗೂ ಖಾತೆಯ ಹೊಣೆ ಹೊರುವ ಇಬ್ಬರ ಹೆಸರು. ಮೂರು ತಿಂಗಳ ನಂತರ ಅದೇ ಪುಟವನ್ನು ತೆರೆದು ಮಾರಾಟದ ಲೆಕ್ಕದೊಡನೆ ಹೋಲಿಸಿದರೆ, ಮುಂದೆ ಹೆಚ್ಚಿಸಬೇಕಾದುದೇನು, ನಿಲ್ಲಿಸಬೇಕಾದುದೇನು ಎಂಬುದು ಸದಸ್ಯೆಯರಿಗೇ ಸ್ಪಷ್ಟವಾಗುತ್ತದೆ.