ಉಪಗೂಹನವೆಂದರೆ ರೋಗ ಮುಚ್ಚಿಡುವುದಲ್ಲ



ಮಗನಿಗೆ ಸಕ್ಕರೆ ಕಾಯಿಲೆ ಬಂದರೆ ಮನೆಯವರು ಹತ್ತು ಜನರನ್ನು ಕೇಳಿ ಒಳ್ಳೆಯ ವೈದ್ಯರನ್ನು ಹುಡುಕುತ್ತಾರೆ. ಅದೇ ಮಗ ಕಾಣದವರೊಡನೆ ಮಾತನಾಡತೊಡಗಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವನ ತಂಗಿಯ ಮದುವೆ ಮುಗಿಯಲೆಂದು ಕಾಯುತ್ತಾರೆ. ಸ್ಕಿಜೋಫ್ರೀನಿಯಾ ಕಾಯುವುದಿಲ್ಲ, ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣವಾಗುತ್ತದೆ.

ಇದು ಮಿದುಳಿನ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ತಲೆದೋರುತ್ತದೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ತನಗೆ ವಿಷವಿಕ್ಕುತ್ತಿದ್ದಾರೆಂಬ ಅಚಲ ನಂಬಿಕೆ, ಮಾತಿಗೆ ಮಾತು ಹೊಂದದಿರುವುದು ಇದರ ಎದ್ದುಕಾಣುವ ಲಕ್ಷಣಗಳು. ಸ್ನಾನ ಬಿಡುವುದು, ಮಾತು ಕುಗ್ಗುವುದು, ಮುಖದಲ್ಲಿ ಭಾವವಿಲ್ಲದಿರುವುದು ಕಣ್ಣಿಗೆ ಬೀಳದ ಲಕ್ಷಣಗಳು. ಇವನ್ನು ಕೆಲವರು ಸೋಮಾರಿತನವೆಂದು ಬೈಯುತ್ತಾರೆ; ಕೆಲವರು ವೈರಾಗ್ಯವೆಂದು ಭಾವಿಸಿ ಕೈಮುಗಿಯುತ್ತಾರೆ. ವೈರಾಗ್ಯದಲ್ಲಿ ವಿವೇಕ ಬೆಳೆಯುತ್ತದೆ. ಈ ಕಾಯಿಲೆಯಲ್ಲಿ ಅದು ಕುಂದುತ್ತದೆ.

‘ಅಸಾತಾ ವೇದನೀಯ ಕರ್ಮದ ಉದಯ, ಅನುಭವಿಸಲೇಬೇಕು’ ಎನ್ನುವವರುಂಟು. ಜ್ವರವೂ ಆ ಕರ್ಮದ ಫಲವೇ. ಜ್ವರಕ್ಕೆ ಯಾರೂ ಮದ್ದು ನಿರಾಕರಿಸುವುದಿಲ್ಲ. ತಾಯಿತ ಕಟ್ಟಿಸುವುದು, ಮಂತ್ರವಾದಿಯ ಬಳಿಗೆ ಒಯ್ಯುವುದು ಶಾಸ್ತ್ರವೇ ನಿಷೇಧಿಸಿದ ಮೂಢತೆ. ಮದುವೆ ಮಾಡಿದರೆ ಸರಿಹೋಗುತ್ತದೆಂದು ವಿಷಯ ಮರೆಸುವುದು ಇನ್ನೊಂದು ಮನೆಯ ಮಗುವಿಗೆ ಬಗೆಯುವ ದ್ರೋಹ.

ಮನಸ್ಸಿನ ಭ್ರಮೆಗಳನ್ನು ಹತೋಟಿಗೆ ತರುವ ಔಷಧಗಳು 1950ರ ದಶಕದಿಂದಲೂ ಇವೆ. ಅವು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸುತ್ತವೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ತೂಕ ಹೆಚ್ಚುವುದು, ಕೈ ನಡುಗುವುದು, ನಿದ್ದೆ ಬರುವುದು ಉಂಟು; ಹೇಳಿದರೆ ವೈದ್ಯರು ಪ್ರಮಾಣವನ್ನೋ ಮದ್ದನ್ನೋ ಬದಲಿಸುತ್ತಾರೆ. ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರಳುವ ಅಪಾಯ ದೊಡ್ಡದು. ದಶಲಕ್ಷಣ ಪರ್ವದ ಉಪವಾಸಕ್ಕಾಗಿ ಮಾತ್ರೆ ಬಿಡುವವರು ಇದನ್ನು ಗಮನಿಸಬೇಕು. ಅನಸ್ತಮಿತ ವ್ರತವುಳ್ಳವರು ಸೂರ್ಯಾಸ್ತಕ್ಕೆ ಮುನ್ನ ಮಾತ್ರೆ ತೆಗೆದುಕೊಳ್ಳಬಹುದೇ, ತಿಂಗಳಿಗೊಮ್ಮೆಯ ಚುಚ್ಚುಮದ್ದು ಒಗ್ಗುವುದೇ ಎಂದು ವೈದ್ಯರನ್ನು ಕೇಳಬೇಕು. ಔಷಧದ ಜೊತೆಗೆ ಕುಟುಂಬದ ತಿಳಿವಳಿಕೆ, ಸಣ್ಣದಾದರೂ ಒಂದು ಉದ್ಯೋಗ, ಟೀಕೆಯಿಲ್ಲದ ಮಾತು ಬೇಕು.

ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಭಾಷೆಯ ತೊಡಕೂ ಇದೆ. ತನಗೆ ಕೇಳಿಸುವ ದನಿಯನ್ನು ರೋಗಿ ಮಾತೃಭಾಷೆಯಲ್ಲಿಯೇ ಸರಿಯಾಗಿ ಬಣ್ಣಿಸಬಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ಆರೋಗ್ಯ ವಿಮೆಯಲ್ಲಿ ಮನೋರೋಗಕ್ಕೂ ದೇಹರೋಗದಷ್ಟೇ ಸ್ಥಾನ ನೀಡಬೇಕೆಂದಿದೆ.

ಉಪಗೂಹನವೆಂದರೆ ಪರರ ದೋಷವನ್ನು ಆಡಿಕೊಳ್ಳದಿರುವುದು. ಅದನ್ನು ಪಾಲಿಸಬೇಕಾದವರು ನೆರೆಹೊರೆಯವರು. ಅವರು ಆಡಿಕೊಳ್ಳುವುದನ್ನು ಬಿಟ್ಟರೆ ಮನೆಯವರು ಮುಚ್ಚಿಡುವುದನ್ನು ಬಿಡುತ್ತಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಎರಡು ಈ ರೋಗಿಗೆ ತುರ್ತಾಗಿ ಬೇಕು. ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವ ಸಮಾಜ ಒಂದು ಬಡಮನೆಯ ತಿಂಗಳ ಮಾತ್ರೆಯ ವೆಚ್ಚ ವಹಿಸಿಕೊಂಡರೆ ಅದು ಔಷಧದಾನ. ಆ ಮನೆಯ ಮಗನನ್ನು ಬಸದಿಯಲ್ಲಿ ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರೆ ಅದು ಅಭಯದಾನ.